ಅಪ್ಪನ ಕಂಪ್ಯೂಟರಿನಲ್ಲಿ ಕ್ಯಾಶ್ ಇರಲಿಲ್ಲ

ಹಳೆ ಕಂಪ್ಯೂಟರ್ ಹುಚ್ಚಿರುವವರಿಗೆ 74690 ಅನ್ನೋ ಸಂಖ್ಯೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತದೆ. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದ ಒಳಗೆ ಮೊದಲೇ ಆಡಿ ರೆಕಾರ್ಡ್ ಮಾಡಿಟ್ಟ ಕೆಲವು ಡೆಮೋಗಳಿವೆ. ಡಾಸ್ ಪ್ರಾಂಪ್ಟಿನಲ್ಲಿ ಡೂಮ್ ಎಂದು ಬರೆದು, ಪಕ್ಕದಲ್ಲಿ ಟೈಮ್‌ಡೆಮೋ ಡೆಮೋ3 ಎಂದು ಕೊಟ್ಟರೆ ಆಟ ತನ್ನ ಮಾಮೂಲಿ ಗತಿ ಬಿಟ್ಟು ಪ್ರೊಸೆಸರ್ ಎಷ್ಟು ಓಡಿಸುತ್ತದೋ ಅಷ್ಟು ಜೋರಾಗಿ ಓಡಿ ಮುಗಿಯುತ್ತದೆ. ಕೊನೆಗೆ ಏನೋ ಎರರ್ ಆಯಿತೇನೋ ಅನ್ನೋ ಹಾಗೆ ಒಂದೇ ಸಾಲು ಬರುತ್ತದೆ: 2134 ಗೇಮ್‌ಟಿಕ್, ಇಷ್ಟು ರಿಯಲ್‌ಟಿಕ್. ಗೇಮ್‌ಟಿಕ್ ಅಂದರೆ ಡೆಮೋದ ಹೆಜ್ಜೆಗಳು, ಒಂದಕ್ಕೆ ಒಂದು ಫ್ರೇಮ್, ಅಂದರೆ ಪರದೆಯ ಒಂದು ಚಿತ್ರ. ರಿಯಲ್‌ಟಿಕ್ ಅಂದರೆ ಓಡಿ ಮುಗಿಯಲು ಹಿಡಿದ ಹೊತ್ತು, ಸೆಕೆಂಡಿಗೆ 35 ಟಿಕ್ ಲೆಕ್ಕದಲ್ಲಿ. 2134ನ್ನು 35ರಿಂದ ಗುಣಿಸಿದರೆ 74690. ಅದನ್ನು ಪರದೆಯ ಮೇಲಿನ ರಿಯಲ್‌ಟಿಕ್‌ನಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬಂತು ಅಂತ ಗೊತ್ತಾಗುತ್ತದೆ, ಅಷ್ಟೇ.

ಕಳೆದ ದಸರಾ ರಜೆಯಲ್ಲಿ ಶಿವಮೊಗ್ಗದ ಮನೆಯ ಅಟ್ಟದಿಂದ ಇಳಿಸಿದ ಅಪ್ಪನ ಕಂಪ್ಯೂಟರಿನಲ್ಲಿ ಅದು 2050 ಟಿಕ್ ತೋರಿಸಿತು. ಅಂದರೆ 36.4 ಫ್ರೇಮ್. ನಾನು ಎರಡು ಸಲ ಓಡಿಸಿ ನೋಡಿದೆ. ಆ ಪ್ರೊಸೆಸರಿಗೆ ಇದು ತೀರಾ ಕಡಿಮೆ.

ಈ ಕಂಪ್ಯೂಟರಿನ ಕಥೆ ಸ್ವಲ್ಪ ಹೇಳಬೇಕು. 1996ರಲ್ಲಿ ಅಪ್ಪ ಗಾಂಧಿ ಬಜಾರಿನ ಒಂದು ಮಹಡಿ ಮೇಲೆ ಡಿಟಿಪಿ ಅಂಗಡಿ ಹಾಕಿದರು. ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ, ಎರಡು ದಿನ ಅಂಗಡಿಯಿಂದ ಅಂಗಡಿಗೆ ಅಲೆದು, ಚೌಕಾಸಿ ಮಾಡಿ ಒಂದು ಅಸೆಂಬಲ್ ಮಾಡಿದ ಕಂಪ್ಯೂಟರ್ ಕೊಂಡರು. 14 ಇಂಚಿನ ಮಾನಿಟರ್ ಪೆಟ್ಟಿಗೆಯನ್ನು ರಾತ್ರಿ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡೇ ಬಂದರಂತೆ, ಕೆಳಗಿಟ್ಟರೆ ಕುಲುಕುತ್ತದೆ ಅಂತ. ಪ್ರೊಸೆಸರ್ ಎಎಂಡಿ 5ಎಕ್ಸ್86, 133 ಮೆಗಾಹರ್ಟ್ಸ್. ಹೆಸರಿನಲ್ಲಿ 5 ಇದ್ದರೂ ಇದು ಹೊಟ್ಟೆಯೊಳಗೆ ಪೆಂಟಿಯಮ್‌ಗಿಂತ ಹಿಂದಿನ ತಲೆಮಾರಿನ 486ರ ಜಾತಿಯದೇ, 486 ಬೋರ್ಡಿನಲ್ಲೇ ಕೂರುತ್ತದೆ. ಬೋರ್ಡಿನ ಮೇಲೆ ಮಾಹಿತಿ ಓಡಾಡುವ ದಾರಿಗೆ ಬಸ್ ಅನ್ನುತ್ತಾರೆ, ಅದರ 33 ಮೆಗಾಹರ್ಟ್ಸ್ ವೇಗವನ್ನು ನಾಲ್ಕರಿಂದ ಗುಣಿಸಿಕೊಂಡು 133 ಆಗುತ್ತದೆ. ಇದು ಪೆಂಟಿಯಮ್ 75ಕ್ಕೆ ಸಮ ಅನ್ನೋ ಅರ್ಥದಲ್ಲಿ ಎಎಂಡಿಯವರು ಮೈಮೇಲೆ ಪಿ75 ಅಂತ ಅಚ್ಚು ಹಾಕಿಸಿದ್ದರು.

ನಮ್ಮ ದುರದೃಷ್ಟಕ್ಕೆ ಎದುರು ಸಾಲಿನ ಇನ್ನೊಂದು ಡಿಟಿಪಿ ಅಂಗಡಿಯಲ್ಲಿ ನಿಜವಾದ ಪೆಂಟಿಯಮ್ 75 ಇತ್ತು. ಲಗ್ನಪತ್ರಿಕೆ ಸೀಸನ್ ಬಂದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. ಪೇಜ್‌ಮೇಕರ್‌ನಲ್ಲಿ ಪುಟ ಸ್ವಲ್ಪ ಆಚೀಚೆ ಜರುಗಿಸಿದರೆ ಸಾಕು, ಮೇಲಿನ ಗಣಪತಿ ಚಿತ್ರ ಮತ್ತೆ ಮೊದಲಿಂದ ಪಟ್ಟಿ ಪಟ್ಟಿಯಾಗಿ ಮೂಡಬೇಕು. ಕಿರೀಟ, ಕಣ್ಣು, ಸೊಂಡಿಲು, ಹೊಟ್ಟೆ, ಕೊನೆಗೆ ಇಲಿ. ಅಪ್ಪ ಮೌಸ್ ಬಿಟ್ಟು, ಕೈಕಟ್ಟಿ ಕೂತು ಬಾಯಲ್ಲೇ ಎಣಿಸುತ್ತಿದ್ದರು. ಒಂದು, ಎರಡು, ಮೂರು. ಹದಿನಾಲ್ಕಕ್ಕೆ ಇಲಿ ಬರುತ್ತಿತ್ತು. ಬಟರ್ ಪೇಪರ್ ಔಟ್‌ಪುಟ್‌ಗೆ ಕಾಯುತ್ತಾ ಕೂತ ಪ್ರೆಸ್ಸಿನ ಹುಡುಗನೂ ಜೊತೆಗೆ ಎಣಿಸುತ್ತಿದ್ದ.

ಆಗ ನನಗೆ ಹದಿಮೂರೋ ಹದಿನಾಲ್ಕೋ. ಗೊತ್ತಿದ್ದದ್ದು ಕಡಿಮೆ, ಮಾತು ಜಾಸ್ತಿ. "ಅಪ್ಪಾ, ನೀವು ದುಡ್ಡು ಉಳಿಸೋಕೆ ಹೋಗಿ ಡೂಪ್ಲಿಕೇಟ್ ಪ್ರೊಸೆಸರ್ ತಂದ್ರಿ, ಇಂಟೆಲ್ ತರಬೇಕಿತ್ತು" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಗಿರಾಕಿಗಳ ಎದುರಿಗೂ ಹೇಳಿದ್ದೆ. ಅವರು ಒಂದು ಸಲವೂ ತಿರುಗಿ ಮಾತಾಡಲಿಲ್ಲ. "ಬೂಟ್ ಆಗೋವಾಗ ಎಲ್ಲಾ ಸರಿಯಾಗೇ ತೋರಿಸ್ತದಲ್ಲೋ" ಅನ್ನುತ್ತಿದ್ದರು. ಅದೂ ನಿಜವೇ. ಆನ್ ಮಾಡಿದಾಗ ಬರುವ ಪಟ್ಟಿಯಲ್ಲಿ ಪ್ರೊಸೆಸರ್, ಮೆಮೊರಿ, ಕ್ಯಾಶ್ 256ಕೆ, ಎಲ್ಲವೂ ಬಿಲ್ಲಿನಲ್ಲಿ ಇದ್ದ ಹಾಗೇ ಇತ್ತು.

ಅಟ್ಟದಿಂದ ಇಳಿಸಿದ ದಿನ ಅದು ಆನ್ ಆಗಲೇ ಇಲ್ಲ. ಆ ಕಾಲದ ಬೋರ್ಡುಗಳ ದೊಡ್ಡ ಶತ್ರು ಅದರ ಬ್ಯಾಟರಿಯೇ. ಪುಟ್ಟ ಪೀಪಾಯಿಯ ಆಕಾರದ ನಿಕಲ್ ಕ್ಯಾಡ್ಮಿಯಮ್ ಬ್ಯಾಟರಿ, 3.6 ವೋಲ್ಟ್, ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ವರ್ಷಗಟ್ಟಲೆ ಬಿಟ್ಟರೆ ಅದು ಸೋರಿ ಅಕ್ಕಪಕ್ಕದ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ನಮ್ಮದರಲ್ಲಿ ಕೀಬೋರ್ಡ್ ಸಾಕೆಟ್ಟಿನ ಸುತ್ತ ಹಸಿರು ಕಿಲುಬು ಹಿಡಿದಿತ್ತು, ತಾಮ್ರದ ಚೊಂಬನ್ನು ಹುಣಸೆಹಣ್ಣು ಕಾಣಿಸದೆ ಇಟ್ಟ ಹಾಗೆ. ಸೋರಿದ್ದು ಕ್ಷಾರ, ಹಾಗಾಗಿ ಹುಳಿ ಬೇಕು. ಬ್ಯಾಟರಿ ಕಿತ್ತು, ಹಳೆ ಟೂತ್‌ಬ್ರಷ್ಷಿನಲ್ಲಿ ವಿನೆಗರ್ ಹಚ್ಚಿ ಉಜ್ಜಿ, ಆಮೇಲೆ ನೀರು, ಆಮೇಲೆ ಆಲ್ಕೋಹಾಲ್, ಎರಡು ದಿನ ಫ್ಯಾನ್ ಕೆಳಗೆ. ತುಂಡಾದ ಎರಡು ಗೆರೆಗಳಿಗೆ ತೆಳು ತಂತಿ ಬೆಸೆದೆ. ಹಾರ್ಡ್‌ಡಿಸ್ಕ್ ಕಿರ್ರ್ ಅನ್ನುತ್ತಿತ್ತು, ಅದರಲ್ಲಿದ್ದದ್ದನ್ನೆಲ್ಲ ಒಂದು ಸಿಎಫ್ ಕಾರ್ಡಿಗೆ, ಅಂದರೆ ಹಳೆ ಕ್ಯಾಮೆರಾಗಳ ಮೆಮೊರಿ ಕಾರ್ಡಿಗೆ, ಇಳಿಸಿಕೊಂಡೆ. ಮೂರನೇ ದಿನ ಸಂಜೆ ಸ್ಪೀಕರ್ ಒಂದು ಸಲ ಪೀಪ್ ಅಂದಿತು. ಅದೇ ಪಟ್ಟಿ ಬಂತು. ಕ್ಯಾಶ್ 256ಕೆ.

ಆಮೇಲೆ ಡೂಮ್ ಓಡಿಸಿದ್ದು, 2050 ಬಂದದ್ದು.

ಇಲ್ಲಿ ಕ್ಯಾಶ್ ಅಂದರೆ ಏನು ಅಂತ ಎರಡು ಮಾತು. ಮುಖ್ಯ ಮೆಮೊರಿ ದೊಡ್ಡದು, ಆದರೆ ನಿಧಾನ. ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪ್ಯಾಸಿಟರ್. ಕ್ಯಾಶಿಗೆ ಬಳಸುವ ಎಸ್‌ರ‍್ಯಾಮ್‌ನಲ್ಲಿ ಒಂದು ಬಿಟ್‌ಗೆ ಆರು ಟ್ರಾನ್ಸಿಸ್ಟರ್, ಅದಕ್ಕೇ ವೇಗ ಜಾಸ್ತಿ, ರೇಟೂ ಜಾಸ್ತಿ. ಅಡುಗೆ ಮಾಡುವಾಗ ಪ್ರತಿ ಸಲ ಉಗ್ರಾಣಕ್ಕೆ ಓಡುವ ಬದಲು ಸಾಸಿವೆ, ಮೆಣಸಿನಪುಡಿ, ಅರಿಶಿನ ಎಲ್ಲಾ ಒಗ್ಗರಣೆ ಡಬ್ಬಿಯಲ್ಲಿ ಒಲೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. 5ಎಕ್ಸ್86ರ ಒಳಗೇ 16ಕೆ ಇದೆ. ಅದರ ಹೊರಗೆ ಬೋರ್ಡಿನ ಮೇಲೆ ಇನ್ನೊಂದು 256ಕೆ ಇರಬೇಕು.

ಇದನ್ನು ಅಳೆಯಲು ಕ್ಯಾಶ್‌ಚೆಕ್ ಅನ್ನೋ ಪುಟ್ಟ ಡಾಸ್ ಪ್ರೋಗ್ರಾಮ್ ಇದೆ. 1ಕೆ, 2ಕೆ, 4ಕೆ ಅಂತ ದುಪ್ಪಟ್ಟು ಮಾಡುತ್ತಾ ಮೆಮೊರಿ ಓದಿ, ಪ್ರತಿ ಅಳತೆಗೂ ಎಷ್ಟು ಹೊತ್ತು ಹಿಡಿಯಿತು ಅಂತ ಬರೆಯುತ್ತದೆ. ಸರಿಯಾಗಿರುವ ಬೋರ್ಡಿನಲ್ಲಿ ಎರಡು ಮೆಟ್ಟಿಲು ಕಾಣುತ್ತವೆ. 16ಕೆ ತನಕ ಒಂದು ವೇಗ. ಆಮೇಲೆ ಒಂದು ಮೆಟ್ಟಿಲು ಇಳಿದು 256ಕೆ ತನಕ ಇನ್ನೊಂದು ವೇಗ. ಅಲ್ಲಿಂದ ಮತ್ತೊಂದು ಮೆಟ್ಟಿಲು ಇಳಿದರೆ ಮುಖ್ಯ ಮೆಮೊರಿ. ಅಪ್ಪನ ಕಂಪ್ಯೂಟರಿನಲ್ಲಿ 16ಕೆ ದಾಟಿದ ಕೂಡಲೇ ಸೀದಾ ಬಾವಿ. 32ಕೆಗೂ ಅದೇ ಹೊತ್ತು, 64ಕೆಗೂ ಅದೇ, 4 ಮೆಗಾಬೈಟಿಗೂ ಅದೇ. ನಡುವಿನ ಮೆಟ್ಟಿಲೇ ಇಲ್ಲ.

"ಅಪ್ಪಾ, ಇದರಲ್ಲಿ ಕ್ಯಾಶೇ ಇಲ್ಲ" ಅಂದೆ.

ಅಪ್ಪ ಪೇಪರ್ ಓದುತ್ತಿದ್ದರು. "ಕ್ಯಾಶೇ ಕೊಟ್ಟಿದ್ದೆನಲ್ಲೋ ಅವನಿಗೆ, ಚೆಕ್ ಬೇಡ ಅಂದಿದ್ದ" ಅಂದರು.

ಬೋರ್ಡಿನ ಸೆಟ್ಟಿಂಗ್ ಬದಲಿಸುವ ಪುಟ್ಟ ಕ್ಲಿಪ್, ಅಂದರೆ ಜಂಪರ್, ತಪ್ಪಾಗಿ ಹಾಕಿರಬೇಕು ಅಂತ ನನ್ನ ಮೊದಲ ಅನುಮಾನ. ಎಲ್ಲಾ ಜಂಪರ್ ನೋಡಿದೆ, ಸರಿಯಾಗೇ ಇದ್ದವು. ಆಮೇಲೆ ಟಾರ್ಚ್ ಹಿಡಿದು ಆ ಕ್ಯಾಶ್ ಚಿಪ್‌ಗಳನ್ನೇ ನೋಡಿದೆ. ಸಾಮಾನ್ಯವಾಗಿ ಚಿಪ್ ಮೇಲೆ ತಯಾರಕರ ಗುರುತು, ಒಂದು ನಂಬರು, ಕೊನೆಗೆ 15 ಅಂತಲೋ 20 ಅಂತಲೋ ನ್ಯಾನೋಸೆಕೆಂಡ್ ಲೆಕ್ಕ ಇರುತ್ತದೆ. ಇವುಗಳ ಮೇಲೆ ಇದ್ದದ್ದು ಬರೀ 'ರೈಟ್ ಬ್ಯಾಕ್' ಎನ್ನುವ ಎರಡು ಪದ, ಕ್ಯಾಶ್ ಕೆಲಸ ಮಾಡುವ ಒಂದು ಕ್ರಮದ ಹೆಸರು. ಗುರುತಿಲ್ಲ, ನಂಬರಿಲ್ಲ.

ಮಲ್ಟಿಮೀಟರ್ ತಂದೆ. ಕ್ಯಾಶ್ ಚಿಪ್‌ಗಳ ಅಡ್ರೆಸ್ ಕಾಲುಗಳು ಒಂದಕ್ಕೊಂದು ಸೇರಿರಬೇಕು. ಮೊದಲನೇ ಚಿಪ್ಪಿನ ಒಂದು ಕಾಲಿಗೆ ಒಂದು ಕಡ್ಡಿ, ಪಕ್ಕದ ಚಿಪ್ಪಿನ ಅದೇ ಕಾಲಿಗೆ ಇನ್ನೊಂದು ಕಡ್ಡಿ ಇಟ್ಟರೆ ಬೀಪ್ ಅನ್ನಬೇಕು. ಅನ್ನಲಿಲ್ಲ. ಒಂದೊಂದೇ ಕಾಲು ಮುಟ್ಟುತ್ತಾ ಹೋದೆ. ಯಾವುದೂ ಯಾವುದಕ್ಕೂ ಸೇರಿರಲಿಲ್ಲ. ಕೊನೆಗೆ ಒಂದನ್ನು ಬಿಸಿ ಮಾಡಿ ಕಿತ್ತು, ಇಕ್ಕಳದಲ್ಲಿ ಮುರಿದೆ. ಒಳಗೆ ಸಿಲಿಕಾನ್ ಇರಲಿಲ್ಲ. ಬರೀ ಕರಿ ಪ್ಲಾಸ್ಟಿಕ್, ಕಾಲು ಅಂಟಿಸಿದ್ದು.

ಇದು ನಮಗೊಬ್ಬರಿಗೆ ಆದ ಮೋಸವಲ್ಲ. 1990ರ ದಶಕದ ನಡುವೆ ಇಂತಹ ಖಾಲಿ ಚಿಪ್ಪಿನ 486 ಬೋರ್ಡುಗಳು ಲೋಕದ ಹಲವು ಮಾರುಕಟ್ಟೆಗಳಿಗೆ ಹೋಗಿವೆ, ಈ ಹವ್ಯಾಸದವರಿಗೆಲ್ಲ ಗೊತ್ತಿರುವ ವಿಷಯ. ಎಸ್‌ರ‍್ಯಾಮ್ ದುಬಾರಿ, ಕ್ಯಾಶ್ ಇಲ್ಲದ ಬೋರ್ಡ್ ಯಾರೂ ಕೊಳ್ಳಲ್ಲ, ಹಾಗಾಗಿ ಚಿಪ್ಪಿನ ಆಕಾರ ಮಾತ್ರ ಕೊಟ್ಟರು. ನನ್ನನ್ನು ಬೆರಗಾಗಿಸಿದ್ದು ಪ್ಲಾಸ್ಟಿಕ್ ಅಲ್ಲ, ಬಯಾಸ್, ಅಂದರೆ ಆನ್ ಮಾಡಿದಾಗ ಆ ಪಟ್ಟಿ ತೋರಿಸುವ ಬೋರ್ಡಿನೊಳಗಿನ ಪ್ರೋಗ್ರಾಮ್. ಕ್ಯಾಶ್ ಇದೆಯೋ ಇಲ್ಲವೋ ನೋಡದೆ 256ಕೆ ಅಂತ ಬರೆಯುವ ಹಾಗೆ ಅದನ್ನೂ ತಿದ್ದಿದ್ದರು. ಯಾರೋ ಒಬ್ಬ ಇಂಜಿನಿಯರ್ ಕೂತು ಆ ಸಾಲು ಬರೆದಿರಬೇಕು ಅಲ್ವಾ? ಬೋರ್ಡ್ ಯಾರದ್ದು ಅಂತ ಇಲ್ಲಿ ಬರೆಯಲ್ಲ. ಮಾರಿದ ಅಂಗಡಿಯವನಿಗೂ ಗೊತ್ತಿರಲಿಕ್ಕಿಲ್ಲ ಅನ್ನುವುದು ಅಪ್ಪನ ವಾದ, ನನಗೂ ಅದೇ ಅನಿಸುತ್ತದೆ. ಅವನೂ ಪರದೆ ನೋಡಿಯೇ ಬಿಲ್ ಬರೆದ.

ಬೆಂಗಳೂರಿಗೆ ವಾಪಸ್ ಬರುವಾಗ ಪ್ರೊಸೆಸರ್, ಡಿಸ್ಪ್ಲೇ ಕಾರ್ಡು, ಮೆಮೊರಿ, ಸಿಎಫ್ ಕಾರ್ಡು ತಂದೆ. ಬಿವಿಕೆ ಅಯ್ಯಂಗಾರ್ ರಸ್ತೆಯ ಭಾನುವಾರದ ಬಜಾರಿನಲ್ಲಿ ಮೂರು ವಾರ ಗುಜರಿ ಕೆದಕಿದ ಮೇಲೆ ಕ್ಯಾಶ್ ಚಿಪ್‌ಗೆ ಸಾಕೆಟ್ ಇರುವ ಒಂದು 486 ಪಿಸಿಐ (ಕಾರ್ಡುಗಳನ್ನು ಸಿಕ್ಕಿಸುವ ಬಸ್) ಬೋರ್ಡ್ ಸಿಕ್ಕಿತು, ಸಾಕೆಟ್‌ಗಳೆಲ್ಲ ಖಾಲಿ. 28 ಕಾಲಿನ, 15 ನ್ಯಾನೋಸೆಕೆಂಡಿನ ಎಸ್‌ರ‍್ಯಾಮ್ ಎಂಟು ಬೇಕು, ಒಂದೊಂದೂ 32ಕೆ. ಜೊತೆಗೆ ಟ್ಯಾಗ್ ಅಂತ ಇನ್ನೊಂದು, ಯಾವ ಸಾಮಾನು ಯಾವ ಡಬ್ಬಿಯಲ್ಲಿದೆ ಅಂತ ಬರೆದಿಡುವ ಚೀಟಿಯ ಹಾಗೆ. ಒಂಬತ್ತೂ ಒತ್ತಿ ಕೂರಿಸುವಾಗ ಒಂದರ ಕಾಲು ಮಡಚಿ ಅರ್ಧ ದಿನ ಹೋಯಿತು, ಅದನ್ನು ವಿವರಿಸಿ ಪ್ರಯೋಜನವಿಲ್ಲ.

ಅಳತೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಬೋರ್ಡೇ ಬೇರೆಯಾದ್ದರಿಂದ ಮೊದಲು ಕ್ಯಾಶ್ ಆಫ್ ಮಾಡಿ ಓಡಿಸಿದೆ. 2013 ಟಿಕ್, 37.1 ಫ್ರೇಮ್. ಅಂದರೆ ಬೋರ್ಡ್ ಬದಲಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಆಮೇಲೆ ಕ್ಯಾಶ್ ಆನ್. 1760. 42.4 ಫ್ರೇಮ್. ಅಪ್ಪ ದುಡ್ಡು ಕೊಟ್ಟು ಪಡೆಯದೆ ಹೋದದ್ದು ಇಷ್ಟು.

ಇಲ್ಲಿಂದ ಮುಂದಿನದು ನಿಜವಾದ ಟ್ಯೂನಿಂಗ್. ನನಗೆ ಅತಿ ಇಷ್ಟವಾದ ಭಾಗ ಇದೇ, ಹೆಂಡತಿಗೆ ಅತಿ ಬೇಸರದ ಭಾಗವೂ ಇದೇ. 486 ಒಂದು ಸಲಕ್ಕೆ 16 ಬೈಟ್ ತರುತ್ತದೆ, ನಾಲ್ಕು ನಾಲ್ಕು ಬೈಟಿನ ನಾಲ್ಕು ಕಂತಿನಲ್ಲಿ. ಬಯಾಸಿನಲ್ಲಿ 3-2-2-2 ಅಂತ ಇದ್ದರೆ ಮೊದಲ ಕಂತಿಗೆ ಮೂರು ಗಡಿಯಾರ ಬಡಿತ, ಉಳಿದ ಮೂರಕ್ಕೆ ಎರಡೆರಡು, ಒಟ್ಟು ಒಂಬತ್ತು. 2-1-1-1 ಮಾಡಿದರೆ ಒಟ್ಟು ಐದು. ಅದೇ ಚಿಪ್ಪು, ಅದೇ ಕರೆಂಟು, ಕಾಯುವುದು ಮಾತ್ರ ಹೆಚ್ಚುಕಮ್ಮಿ ಅರ್ಧ. ಬಯಾಸ್ ಸುಮ್ನೆ ಹೆದರಿ 3-2-2-2 ಇಟ್ಟಿತ್ತು, ನಾನು 2-1-1-1 ಮಾಡಿದೆ. 1690 ಬಂತು. 44.2.

ಮುಂದೆ ಬಸ್ಸನ್ನು 33ರಿಂದ 40ಕ್ಕೆ ಏರಿಸಿದೆ. ನಾಲ್ಕರಿಂದ ಗುಣಿಸಿದರೆ ಪ್ರೊಸೆಸರ್ 160. 5ಎಕ್ಸ್86 ಇಟ್ಟುಕೊಂಡವರೆಲ್ಲ ಮಾಡುವ ಕೆಲಸ ಇದು, ಬಹಳಷ್ಟು ಚಿಪ್ಪುಗಳು ಗೊಣಗದೆ ಓಡುತ್ತವೆ. 1420 ಟಿಕ್, 52.6 ಫ್ರೇಮ್. ಆಸೆಗೆ ಮಿತಿ ಇಲ್ಲವಲ್ಲ, 50ರ ಬಸ್ಸನ್ನೂ ನೋಡಿದೆ. ನಾಲ್ಕರಿಂದ ಗುಣಿಸಿ 200 ಆಗುವ ಮಾತೇ ಇಲ್ಲ, ಹಾಗಾಗಿ ಮೂರರಿಂದ, 150. ಕಾಗದದ ಮೇಲೆ ಬಸ್ ಜೋರು. ಆದರೆ 50ರಲ್ಲಿ ನನ್ನ ಎಸ್‌ರ‍್ಯಾಮ್ 2-1-1-1ಕ್ಕೆ ನಿಲ್ಲಲಿಲ್ಲ, ಮತ್ತೆ 3-2-2-2ಕ್ಕೆ ಇಳಿಸಬೇಕಾಯಿತು, ಪಿಸಿಐ 25ಕ್ಕೆ ಇಳಿಯಿತು. 48.8ಕ್ಕೆ ಬಂದು ನಿಂತಿತು. ಸರಿ, ವಾಪಸ್ 40.

ಮೆಮೊರಿಯಲ್ಲೂ ಒಂದು ಸಲ ಎಡವಿದೆ. 16 ಮೆಗಾಬೈಟ್ ತೆಗೆದು 64 ಹಾಕಿದೆ, ಜಾಸ್ತಿ ಇದ್ದರೆ ಒಳ್ಳೆಯದಲ್ವಾ ಅಂತ. ಆದರೆ ಆ ಟ್ಯಾಗ್ ಚಿಪ್ಪಿಗೆ ಎಂಟೇ ಬಿಟ್. 256ಕೆಯನ್ನು 256ರಿಂದ ಗುಣಿಸಿದರೆ 64 ಮೆಗಾಬೈಟ್ ತನಕ ಮಾತ್ರ ಅದು ಲೆಕ್ಕ ಇಡಬಲ್ಲದು. ರೈಟ್ ಬ್ಯಾಕ್ ಕ್ರಮದಲ್ಲಿ ಒಂದು ಬಿಟ್ ಬೇರೆ ಕೆಲಸಕ್ಕೆ ಹೋದರೆ 32ಕ್ಕೇ ನಿಲ್ಲುತ್ತದೆ. ಅದರಾಚೆಗಿನ ಮೆಮೊರಿಗೆ ಕ್ಯಾಶ್ ಇದ್ದೂ ಇಲ್ಲದ ಹಾಗೆ. ಇಂತಹ ಮಿತಿ ಪೆಂಟಿಯಮ್ ಕಾಲಕ್ಕೂ ಬಂತು. ಇಂಟೆಲ್‌ನ 430ಟಿಎಕ್ಸ್ ಚಿಪ್‌ಸೆಟ್ 64 ಮೆಗಾಬೈಟಿನಾಚೆಗೆ ಕ್ಯಾಶ್ ಮಾಡುತ್ತಿರಲಿಲ್ಲ, ಮೆಮೊರಿ ಹಾಕಿಸಿಕೊಂಡು ಕಂಪ್ಯೂಟರ್ ನಿಧಾನ ಮಾಡಿಕೊಂಡವರು ಎಷ್ಟು ಜನವೋ.

ಹೀಗೆ ಹೇಳಿದರೆ ಆ ಕಾಲದವರೆಲ್ಲ ಬರೀ ಮೋಸ ಮಾಡಿದರು ಅನಿಸಬಹುದು. ಉಲ್ಟಾ ಕಥೆಯೂ ನನ್ನ ಮೇಜಿನ ಮೇಲೇ ಇದೆ, ಇಂಟೆಲ್‌ನ ಅಗ್ಗದ ಪ್ರೊಸೆಸರ್ ಸೆಲೆರಾನ್ 300ಎ. 1998ರ ಆಗಸ್ಟ್ 24ರಂದು ಬಂದದ್ದು, ಅಮೆರಿಕದಲ್ಲಿ 149 ಡಾಲರ್. ಅದೇ ದಿನ ಪೆಂಟಿಯಮ್ 2ರ 450 ಮೆಗಾಹರ್ಟ್ಸ್ ಚಿಪ್ಪೂ ಬಂತು, 669 ಡಾಲರಿಗೆ. ಸೆಲೆರಾನಿನ ಹೊಟ್ಟೆಯೊಳಗೇ 128ಕೆ ಕ್ಯಾಶ್, ಪ್ರೊಸೆಸರಿನಷ್ಟೇ ವೇಗ. ಪೆಂಟಿಯಮ್ 2ರದ್ದು 512ಕೆ, ಆದರೆ ಅರ್ಧ ವೇಗ. ಸೆಲೆರಾನ್ 66ರ ಬಸ್ಸನ್ನು ನಾಲ್ಕೂವರೆಯಿಂದ ಗುಣಿಸಿ 300 ಆಗುತ್ತಿತ್ತು. ಬಸ್ 100 ಮಾಡಿದರೆ 450. ಬಿ21 ಅನ್ನೋ ಕಾಲಿನ ಮೇಲೆ ಒಂದು ಚೂರು ಟೇಪ್ ಅಂಟಿಸಿದರೆ ಬೋರ್ಡ್ ಅದನ್ನು 100ರ ಚಿಪ್ ಅಂತಲೇ ತಿಳಿಯುತ್ತಿತ್ತು. ಎಬಿಟ್‌ನ ಬಿಎಚ್6 ಬೋರ್ಡಿನಲ್ಲಿ ಟೇಪೂ ಬೇಡ, ಬಯಾಸಿನಲ್ಲೇ ಬದಲಿಸಬಹುದಿತ್ತು. ಅಚ್ಚರಿ ಏನೆಂದರೆ 100ರಲ್ಲಿ ಓಡಿಸುವುದು 83ಕ್ಕಿಂತ ಸಲೀಸು. 100ನ್ನು ಮೂರರಿಂದ ಭಾಗಿಸಿದರೆ ಪಿಸಿಐಗೆ ಅದರ ಮಾಮೂಲಿ 33 ಸಿಗುತ್ತದೆ. 83ನ್ನು ಎರಡರಿಂದ ಭಾಗಿಸಿದರೆ 41 ದಾಟುತ್ತದೆ, ಹಾರ್ಡ್‌ಡಿಸ್ಕಿನಲ್ಲಿರುವುದು ಕಲಸುಮೇಲೋಗರ ಆಗುವ ಭಯ. ಪ್ರೊಸೆಸರ್ ತಡೆದರೂ ಅಕ್ಕಪಕ್ಕದವರು ತಡೆಯಲ್ಲ.

ಅದನ್ನು 450ರಲ್ಲಿ ಪರೀಕ್ಷೆ ಮಾಡುವುದಕ್ಕೆ ಸೂಪರ್ ಪೈ ಬಳಸುತ್ತೇನೆ, ಪೈ ಬೆಲೆಯನ್ನು ಹತ್ತು ಲಕ್ಷ ಅಂಕಿ ತನಕ ಲೆಕ್ಕ ಹಾಕುವ ಪ್ರೋಗ್ರಾಮ್. ಎಲ್ಲೋ ಒಂದು ಬಿಟ್ ತಪ್ಪಿದರೂ ಲೆಕ್ಕ ಹೊಂದುತ್ತಿಲ್ಲ ಅಂತ ನಿಂತುಬಿಡುತ್ತದೆ. ಟೋಕಿಯೋ ವಿಶ್ವವಿದ್ಯಾಲಯದ ಯಸುಮಸ ಕನಡಾ ಅವರ ಲ್ಯಾಬಿನಲ್ಲಿ ಹುಟ್ಟಿದ್ದು. ಮೊದಲ ಸಲ ಆ ಹೆಸರು ಓದಿದಾಗ ಯಾರೋ ನಮ್ಮವರೇ ಬರೆದಿದ್ದಾರೆ ಅಂದುಕೊಂಡಿದ್ದೆ.

ಯುಗಾದಿಗೆ ಅಪ್ಪನ ಕಂಪ್ಯೂಟರ್ ಹೊಸ ಬೋರ್ಡಿನ ಜೊತೆ ಶಿವಮೊಗ್ಗಕ್ಕೆ ವಾಪಸ್ ಹೋಯಿತು. ಮುರಿದ ಚಿಪ್ಪಿನ ಚೂರುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟುಕೊಂಡಿದ್ದೆ, ಅದನ್ನು ಅವರ ಕೈಗೆ ಕೊಟ್ಟು ವಿಷಯ ಹೇಳಿದೆ. ಪ್ರೊಸೆಸರ್ ಚೆನ್ನಾಗೇ ಇತ್ತು, ನೀವು ತಂದದ್ದು ತಪ್ಪಾಗಿರಲಿಲ್ಲ, ನಾನೇ ಸುಮ್ನೆ ಬೈದೆ ಅಂತ. ಅವರು ಕನ್ನಡಕ ಏರಿಸಿ ಆ ಕರಿ ಚೂರನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಎಷ್ಟು ಚೆಂದ ಮಾಡಿದಾನೆ ನೋಡು" ಅಂದರು.

ನಾನು ಡೂಮ್ ಹಾಕಿ 52.6 ತೋರಿಸಿದೆ. ಅವರಿಗೆ ಅದು ಹಿಡಿಸಲಿಲ್ಲ. "ಆ ಪಿಶಾಚಿ ಕೊಲ್ಲೋದು ಬಿಡು, ಪೇಜ್‌ಮೇಕರ್ ಹಾಕು" ಅಂದರು.

1997ರ ಒಂದು ಲಗ್ನಪತ್ರಿಕೆ ತೆರೆದೆ. ಮದುಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದರೂ ಇರಬಹುದು. ಪುಟವನ್ನು ಸ್ವಲ್ಪ ಜರುಗಿಸಿದೆ. ಅಪ್ಪ ಕೈಕಟ್ಟಿ ಕೂತು ಎಣಿಸಲು ಶುರು ಮಾಡಿದರು. ಕಿರೀಟ, ಕಣ್ಣು, ಸೊಂಡಿಲು. ಎಂಟಕ್ಕೆ ಇಲಿ ಬಂತು.

"ಹದಿನಾಲ್ಕು ಆಗ್ತಿತ್ತು" ಅಂದರು.

ಸಿಎಫ್ ಕಾರ್ಡಿನದೂ ಪಾಲಿದೆ ಅದರಲ್ಲಿ, ಹಳೆ ಹಾರ್ಡ್‌ಡಿಸ್ಕ್ ನಿಧಾನ ಇತ್ತು, ಇದನ್ನೆಲ್ಲ ಕ್ಯಾಶಿನ ಲೆಕ್ಕಕ್ಕೆ ಹಾಕುವ ಹಾಗಿಲ್ಲ, ಒಂದೊಂದನ್ನೇ ಬದಲಿಸಿ ನೋಡಬೇಕಿತ್ತು ಅಂತ ನಾನು ವಿವರಿಸಲು ಹೊರಟೆ. ಅಪ್ಪ ಕೇಳಿಸಿಕೊಳ್ಳಲಿಲ್ಲ. ಮೌಸ್ ಎಳೆದುಕೊಂಡು ಪುಟವನ್ನು ತಾವೇ ಒಂಚೂರು ಜರುಗಿಸಿ, ಮತ್ತೆ ಒಂದರಿಂದ ಎಣಿಸತೊಡಗಿದರು.